ಕಪ್ಪತಗುಡ್ಡದ ಪಟ್ಟೆಗಳು: ಅಮೂರ್ತ ಭೂದೃಶ್ಯಕ್ಕೆ ಒಂದು ಟಿಪ್ಪಣಿ

ಗಿಡ, ಮನೆ, ಗುಡ್ಡಗಳ ಆಕಾರ ಬಿಟ್ಟು ನೆಲದ ಬಣ್ಣ, ಭಾರ, ಒರಟುತನವನ್ನು ಹಿಡಿಯುವುದು ಅಮೂರ್ತ ಭೂದೃಶ್ಯ. ಚಿತ್ರಕಾರ ರಾಮ್‌ಕುಮಾರ್ ವಾರಾಣಸಿಯನ್ನು ಬಿಡಿಸಿದ್ದು ಹೀಗೆ. ಇಷ್ಟು ನಿಮಗೂ ಗೊತ್ತಿರುತ್ತದೆ. ನಾನು ಎಡವಿದ್ದು ಕಾಲವನ್ನು ತೋರಿಸುವಲ್ಲಿ.

ಹಳೆಯದನ್ನು ಸೂಚಿಸಬೇಕಾದಾಗಲೆಲ್ಲ ತೆಳು ನೀಲಿ ಹಚ್ಚಿ ದಿಗಂತದ ಕಡೆಗೆ ಒಯ್ಯುತ್ತಿದ್ದೆ. ತೆಳು ನೀಲಿ ದೂರವನ್ನು ಹೇಳುತ್ತದೆ, ವಯಸ್ಸನ್ನು ಹೇಳುವುದಿಲ್ಲ. ಮೂರು ಕ್ಯಾನ್ವಾಸ್ ಹಾಳಾದವು. ಗದಗಿನಿಂದ ಕಪ್ಪತಗುಡ್ಡಕ್ಕೆ ಹೋಗಿ ಸ್ಕೆಚ್ ಮಾಡಲು ಕೂತ ದಿನ ಗಂಟು ಬಿಚ್ಚಿತು. ಅಲ್ಲಿನ ಬಂಡೆಯಲ್ಲಿ ಕಬ್ಬಿಣದ ಕಪ್ಪು, ಕೆಂಪು ಪಟ್ಟೆ, ಪಕ್ಕದಲ್ಲೇ ಸಿಲಿಕದ ಬಿಳಿಚು ಪಟ್ಟೆ, ಒಂದೊಂದೂ ಬೆರಳಗಲವಿಲ್ಲ. ಕಡಲ ತಳದಲ್ಲಿ ಅಡ್ಡಲಾಗಿ ಕೂತ ಪದರಗಳು ಒತ್ತಡಕ್ಕೆ ಮಡಚಿ ಕಡಿದಾಗಿ ಎದ್ದು ನಿಂತಿವೆ. 250 ಕೋಟಿ ವರ್ಷಕ್ಕೂ ಹಳೆಯ ಕಲ್ಲು ನನ್ನ ಮೊಣಕಾಲಿಗೆ ತಾಗುತ್ತಿತ್ತು! (ಈ ಶಿಲಾಸಮೂಹಕ್ಕೆ 19ನೇ ಶತಮಾನದಲ್ಲಿ ಧಾರವಾಡದ ಹೆಸರಿಟ್ಟವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್.)

ಇನ್ನೊಮ್ಮೆ ಹೇಳುತ್ತೇನೆ, ನನಗೆ ಒಂದು ತಿಂಗಳು ಹೋದದ್ದು ಇಲ್ಲೇ. ಮೊದಲು ಕೂತದ್ದು ಅಡಿಗೆ ಹೋಗುತ್ತದೆ. ನೆಲ ಮಡಚಿ, ಸವೆದ ಮೇಲೆ ಅದೇ ಹೊರಗೆ ಕಾಣುತ್ತದೆ. ಚಿತ್ರದಲ್ಲೂ ಹಳೆಯ ಕಾಲದ ಬಣ್ಣವನ್ನು ಮೊದಲು ಹಚ್ಚಿ, ಒಣಗಿಸಿ, ಮೇಲೆ ಬೇರೆ ಪದರ ಹಚ್ಚಿ, ಆ ಮೇಲ್ಪದರ ಹಸಿಯಿರುವಾಗಲೇ ಪ್ಯಾಲೆಟ್ ನೈಫ್‌ನಿಂದ ಕೆರೆಯಬೇಕು. ಇಣುಕುವ ಬಣ್ಣ ನಿಜಕ್ಕೂ ಮೊದಲಿನದು. ಅಡಿಗೆ ಬೇಗ ಒಣಗುವ ಆಕ್ರಿಲಿಕ್, ಮೇಲೆ ಎಣ್ಣೆಬಣ್ಣ. ತಿರುಗುಮುರುಗು ಮಾಡಿದರೆ ಆಕ್ರಿಲಿಕ್ ಸುಲಿದು ಬರುತ್ತದೆ.

ಆಕಾಶ ಬೇಕೇ ಬೇಕೆನ್ನುವವರು ಚಿತ್ರಕಾರ ಅಕ್ಬರ್ ಪದಮ್‌ಸೀ ಅವರ ಮೆಟಾಸ್ಕೇಪ್‌ಗಳನ್ನು (ಕಲ್ಪನೆಯ ಭೂದೃಶ್ಯಗಳನ್ನು) ನೋಡಿ: ಸೂರ್ಯ, ಚಂದ್ರ ಒಂದೇ ಚೌಕಟ್ಟಿನಲ್ಲಿ. ಕಾಲವನ್ನು ನಡೆಸುವ ಆ ಜೋಡಿ ಕಾಳಿದಾಸನ ಶಾಕುಂತಲ ನಾಟಕದ ನಾಂದಿ ಶ್ಲೋಕದಿಂದ ಬಂದದ್ದು.

ನೆನಪಿಗೆ ಮಾತ್ರ ಪದರದ ಕ್ರಮ ಒಗ್ಗುವುದಿಲ್ಲ. ನಮ್ಮ ಎರೆ ಹೊಲ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮೇಲಿನ ಮಣ್ಣು ಬಿರುಕಿಗೆ ಉದುರುತ್ತದೆ, ಮಳೆಗೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಹೀಗೆ ವರ್ಷವರ್ಷವೂ ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಬಿರುಕಿಗೆ ಬಿದ್ದಿದ್ದ ಅಜ್ಜಿಯ ಕಾಲುಂಗುರ ಎಷ್ಟೋ ಮಳೆಗಾಲ ಕಳೆದ ಮೇಲೆ ಕುಂಟೆ ಹೊಡೆಯುವಾಗ ಸಿಕ್ಕಿತ್ತು. ಹಾಗಾಗಿ ನೆನಪಿನ ಭಾಗವನ್ನು ಕೆರೆಯಬೇಡಿ. ಹಸಿ ಬಣ್ಣಕ್ಕೆ ಹಸಿ ಬಣ್ಣ ಸೇರಿಸಿ ಕಲೆಸಿ.

ನಾಲ್ಕನೆಯ ಕ್ಯಾನ್ವಾಸಿನಲ್ಲಿ ಎಡಕ್ಕೆ ಪಟ್ಟೆಗಳನ್ನು ಕೆರೆದಿದ್ದೇನೆ. ಬಲಕ್ಕೆ ಎರೆಯ ಕಪ್ಪು, ಅದರೊಳಗೆ ಉಗುರಿನಷ್ಟು ಬೆಳ್ಳಿ ಬಣ್ಣ. ಎಣ್ಣೆ ಇನ್ನೂ ಒಣಗಿಲ್ಲ.