ಎರಡು ತಂತಿ ಸೇರಿದರೆ ಸಾಕು

1960ರ ಮಾತು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಕೈಕಾಲು ಆಡದೆ ಮಲಗಿದ್ದವರಿಗೆ ಇದ್ದದ್ದು ಕರೆಗಂಟೆಯೊಂದು ಮಾತ್ರ. ಏನು ಬೇಕಾದರೂ ಅದನ್ನೇ ಬಾರಿಸಿ ಯಾರನ್ನಾದರೂ ಕರೆಯಬೇಕು. ರೋಗಿಗಳನ್ನು ಮಾತಾಡಿಸಲು ಬರುತ್ತಿದ್ದ ಸ್ವಯಂಸೇವಕ ರೆಗ್ ಮೇಲಿಂಗ್ ಇದನ್ನು ನೋಡಿ ಸುಮ್ನೆ ಹೋಗಲಿಲ್ಲ. ಬಾಯಲ್ಲಿಟ್ಟ ಕೊಳವೆಯನ್ನು ಊದಿದರೆ ಅಥವಾ ಹೀರಿದರೆ ಸ್ವಿಚ್ ಒತ್ತಿದಂತಾಗುವ ಯಂತ್ರ ಕಟ್ಟಿದರು. ಮುಂದೆ ಅದರಿಂದ ಟೈಪ್‌ರೈಟರ್ ಕೂಡ ನಡೆಯಿತು. ಹೆಸರು ಪಾಸಮ್. ಲ್ಯಾಟಿನ್‌ನಲ್ಲಿ ‘ನನ್ನಿಂದ ಆಗುತ್ತೆ’ ಎಂದರ್ಥ. ಎಂಥ ಒಳ್ಳೆಯ ಹೆಸರು ಅಲ್ವಾ?

ಸ್ವಿಚ್ ಮಾಡುವ ಕೆಲಸ ಒಂದೇ, ಎರಡು ತಂತಿ ಸೇರಿಸುವುದು. ಸೇರಿಸಿದ್ದು ಬೆರಳೋ, ಗದ್ದವೋ, ಉಸಿರೋ ಎಂಬುದು ಯಂತ್ರಕ್ಕೆ ಬೇಕಿಲ್ಲ. ಹಾಗಾದರೆ ಒಂದೇ ಸ್ವಿಚ್‌ನಿಂದ ಇಡೀ ಅಕ್ಷರಮಾಲೆ ಬರೆಯುವುದು ಹೇಗೆ? ಪರದೆಯ ಮೇಲೆ ಸಾಲುಗಳು ಒಂದಾದ ಮೇಲೊಂದು ಬೆಳಗುತ್ತವೆ. ಬೇಕಾದ ಸಾಲು ಬಂದಾಗ ಒತ್ತಬೇಕು. ಆಮೇಲೆ ಅದೇ ಸಾಲಿನ ಅಕ್ಷರಗಳು ಬೆಳಗುತ್ತವೆ, ಮತ್ತೆ ಒತ್ತಬೇಕು. ನಿಧಾನ, ಆದರೆ ಮಾತು ತಮ್ಮದೇ. 1985ರಲ್ಲಿ ದನಿ ಕಳೆದುಕೊಂಡ ಸ್ಟೀಫನ್ ಹಾಕಿಂಗ್ ಕೈಯಲ್ಲಿ ಹಿಡಿದ ಸ್ವಿಚ್‌ನಿಂದಲೇ ಬರೆಯತೊಡಗಿದರು. ಕೈಯೂ ಸೋತಾಗ, ಕನ್ನಡಕಕ್ಕೆ ಕೂರಿಸಿದ ಸೆನ್ಸರ್ ಅವರ ಕೆನ್ನೆಯ ಅಲುಗಾಟವನ್ನು ಗುರುತಿಸಿತು.

ಕೈ ಸ್ವಲ್ಪ ಆಡುವವರ ಕಷ್ಟ ಬೇರೆ. ಒಂದೇ ಬೆರಳಿರುವಾಗ ಶಿಫ್ಟ್ ಮತ್ತು ಅಕ್ಷರದ ಕೀಲಿ ಒಟ್ಟಿಗೆ ಒತ್ತುವುದು ಹೇಗೆ? ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಟ್ರೇಸ್ ಕೇಂದ್ರ ಇದಕ್ಕೆ ದಾರಿ ಹುಡುಕಿತು. ಸ್ಟಿಕಿ ಕೀಸ್ ಎಂಬ ಆ ಸೌಲಭ್ಯ ವಿಂಡೋಸ್ 95ರೊಳಗೇ ಬಂತು. ಅದನ್ನು ಹಾಕಿಕೊಂಡರೆ ಶಿಫ್ಟ್ ಒತ್ತಿ ಬಿಟ್ಟು, ಆಮೇಲೆ ಅಕ್ಷರ ಒತ್ತಬಹುದು. ನಮಗೆ ಇದರ ಉಪಯೋಗ ಇನ್ನೂ ಜಾಸ್ತಿ. ನುಡಿ ಕೀಲಿಮಣೆಯಲ್ಲಿ ಖ, ಣ, ಳ ಎಲ್ಲಕ್ಕೂ ಶಿಫ್ಟ್ ಬೇಕು. ‘ಮಳೆ’ ಎಂದು ಬರೆಯಲೂ ಎರಡು ಬೆರಳು! 2017ರಲ್ಲಿ ಗೂಗಲ್ ಕನ್ನಡದ ಧ್ವನಿ ಟೈಪಿಂಗ್ ತಂದಾಗ ಇನ್ನೊಂದು ಬಾಗಿಲು ತೆರೆಯಿತು.

ಕ್ಯಾಮೆರಾ ಮಾತ್ರ ಬಲಗೈಯನ್ನೇ ನಂಬಿಕೊಂಡು ಬಂತು. ಫೋಟೋ ತೆಗೆಯಲು ಒತ್ತುವ ಶಟರ್ ಗುಂಡಿ ಬಲಕ್ಕೇ ಇರುತ್ತದೆ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ತಯಾರಾಗುತ್ತಿದ್ದ ಎಕ್ಸಾಕ್ಟಾದಲ್ಲಿ ಎಡಕ್ಕಿತ್ತು, ಅಂಥವು ಅಪರೂಪ. ಆದರೂ ದಾರಿ ಹಳೆಯ ಸ್ಟುಡಿಯೋಗಳಲ್ಲೇ ಇತ್ತು. ಉದ್ದದ ರಬ್ಬರ್ ಕೊಳವೆ, ತುದಿಗೆ ಗಾಳಿಯ ಬುರುಡೆ. ಅದನ್ನು ಅಮುಕಿದರೆ ಗಾಳಿಯ ಒತ್ತಡಕ್ಕೆ ಶಟರ್ ಬೀಳುತ್ತದೆ. ಮೊಣಕೈಯಿಂದಲೂ ಅಮುಕಬಹುದು.

ಈಗಿನ ಹಲವು ಕ್ಯಾನನ್ ಕ್ಯಾಮೆರಾಗಳ ಪಕ್ಕದಲ್ಲಿ 2.5 ಮಿ.ಮೀ. ರಿಮೋಟ್ ಸಾಕೆಟ್ ಇರುತ್ತದೆ. ಟ್ರೈಪಾಡ್ ಮೇಲಿನ ಕ್ಯಾಮೆರಾ ಅಲುಗದಿರಲಿ ಎಂದು ಕೊಟ್ಟದ್ದು. ಅದರೊಳಗೆ ಮೂರು ಸಂಪರ್ಕಗಳಿವೆ: ಒಂದು ಫೋಕಸ್‌ಗೆ, ಒಂದು ಶಟರ್‌ಗೆ, ಇನ್ನೊಂದು ಎರಡಕ್ಕೂ ಸೇರಿದ ಕಾಮನ್. ಕಾಮನ್ ಅನ್ನು ಶಟರ್‌ಗೆ ಸೇರಿಸಿದರೆ ಫೋಟೋ ಬಿತ್ತು. ಗಾಲಿಕುರ್ಚಿಯವರು ಬಳಸುವ ದೊಡ್ಡ ಗುಂಡಿಯ ಸ್ವಿಚ್‌ಗಳು ಸಾಮಾನ್ಯವಾಗಿ 3.5 ಮಿ.ಮೀ. ಪ್ಲಗ್‌ನವು. ಅವನ್ನು ಇಲ್ಲಿಗೆ ಜೋಡಿಸಲು ಒಂದು ಕೇಬಲ್ ಬೇಕು, ಅಷ್ಟೇ. ಬೆಸುಗೆ ಹಾಕಲು ಗೊತ್ತಿರುವ ಯಾರಾದರೂ ಮಾಡಿಕೊಡಬಹುದು. ಕ್ಯಾಮೆರಾವನ್ನು ಕ್ಲಾಂಪ್‌ನಿಂದ ಕುರ್ಚಿಗೆ ಕಟ್ಟಿದರಾಯಿತು.

ಉಳಿದದ್ದು ಚೌಕಟ್ಟು ನೋಡಿ ಸೆಟ್ಟಿಂಗ್ ಬದಲಿಸುವುದು. ವೈಫೈ ಇರುವ ಕ್ಯಾಮೆರಾಗಳಲ್ಲಿ ಅದು ಫೋನ್ ಪರದೆಗೆ ಬರುತ್ತದೆ. ಐಫೋನ್‌ನಲ್ಲಿ 2013ರಿಂದ ಇಂಥ ಸ್ವಿಚ್‌ನಿಂದಲೇ ಫೋನ್ ನಡೆಸುವ ಸ್ವಿಚ್ ಕಂಟ್ರೋಲ್ ಇದೆ. ಸಾಲು ಬೆಳಗುತ್ತದೆ, ಗದ್ದದಿಂದ ಒಂದು ಒತ್ತು, ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಬದಲಾಗುತ್ತದೆ. ಇನ್ನೊಂದು ಒತ್ತು, ಶಟರ್.