ನಾಲ್ಕು ಮಿಲಿಮೀಟರಿನ ವಾಸ್ತು

ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಸುತ್ತು ಮುಗಿಸಿ ಕಾಫಿಗೆ ನಿಂತಾಗ ಎದ್ದ ಮಾತು ಇದು: ದೇಶಕ್ಕೇ ದೊಡ್ಡದು ಎನ್ನಿಸುವ ಮಕ್ಕಳ ಆಸ್ಪತ್ರೆಯೊಂದು ಮೈಸೂರಿಗೆ ಬರುವುದಾದರೆ ಎಲ್ಲಿ ಕಟ್ಟಬೇಕು? ಬರೀ ಬಾಯಿಮಾತು, ಹಿಂದೆ ಮುಂದೆ ಯಾವ ಕಡತವೂ ಇಲ್ಲ. ಆದರೂ ನಮ್ಮ ಗುಂಪಿನ ನಿವೃತ್ತ ಎಂಜಿನಿಯರು, "ರಿಂಗ್ ರೋಡಿನ ಆಚೆ ಐವತ್ತು ಎಕರೆ ತಗೊಳ್ಳಿ ಸಾರ್, ಈಶಾನ್ಯ ಖಾಲಿ ಬಿಟ್ಟು ನೈಋತ್ಯ ಎತ್ತರ ಮಾಡಿ, ಮುಗೀತು" ಎಂದು ತೀರ್ಪು ಕೊಟ್ಟೇಬಿಟ್ಟರು. ಎಂಜಿನಿಯರು! ಕಾಫಿ ನನ್ನ ಗಂಟಲಲ್ಲೇ ನಿಂತಿತು.

ಗಂಟಲು ಎಂದೆನಲ್ಲ, ವಿಷಯ ಇರುವುದೂ ಅಲ್ಲೇ. ಹಸುಗೂಸಿನ ಧ್ವನಿಪೆಟ್ಟಿಗೆಯ ಕೆಳಗೆ ಉಸಿರುದಾರಿ ಕಿರಿದಾಗುವ ಜಾಗದ ಅಗಲ ಸುಮಾರು 4 ಮಿ.ಮೀ. ಕ್ರೂಪ್ ಎಂಬ ಸೋಂಕಿನಲ್ಲಿ ಆ ಜಾಗವೇ ಊದಿಕೊಳ್ಳುತ್ತದೆ. ಮಗು ನಾಯಿ ಬೊಗಳಿದ ಹಾಗೆ ಕೆಮ್ಮುತ್ತದೆ. (ನಾಯಿಕೆಮ್ಮು ಬೇರೆ, ಅದಕ್ಕೆ ಲಸಿಕೆ ಇದೆ. ತಾಯತ ಎರಡಕ್ಕೂ ಮದ್ದಲ್ಲ.) ಒಳಗೋಡೆ ಸುತ್ತಲೂ ಬರೀ 1 ಮಿ.ಮೀ. ಊದಿತು ಅನ್ನಿ. ತ್ರಿಜ್ಯ 2ರಿಂದ 1ಕ್ಕೆ ಇಳಿಯಿತು, ಅಂದರೆ ಅರ್ಧ. ಹಾಗಾದರೆ ಗಾಳಿಯೂ ಅರ್ಧವೇ? ಅಲ್ಲ. ಹದಿನಾರರಲ್ಲಿ ಒಂದು ಪಾಲು!

ಇದನ್ನು ಲೆಕ್ಕಕ್ಕೆ ಹಿಡಿದವರು ಫ್ರಾನ್ಸಿನ ವೈದ್ಯ ಝಾನ್ ಪ್ವಾಸಯ್. ಕಾಲೇಜಿನಲ್ಲಿ ನಾವು ಪಾಯ್ಸೂಲ್ ಎಂದು ಉರು ಹೊಡೆದದ್ದು ಇವರನ್ನೇ. ರಕ್ತ ಹರಿಯುವ ಬಗೆಯನ್ನು ತಿಳಿಯುವ ಹಂಬಲದಿಂದ 1840ರ ಸುಮಾರಿಗೆ ಕೂದಲೆಳೆಯಂಥ ಗಾಜಿನ ಕೊಳವೆಗಳಲ್ಲಿ ನೀರು ಹರಿಸಿ ಅಳೆದರು. ಹರಿವು ತ್ರಿಜ್ಯದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರಿಳಿಯುತ್ತದೆ ಎಂದು ಗೊತ್ತಾಯಿತು. ಅರ್ಧದ ಅರ್ಧದ ಅರ್ಧದ ಅರ್ಧ. ಮಜ್ಜಿಗೆಗೆ ನಾಲ್ಕು ಸಲ ಅದರಷ್ಟೇ ನೀರು ಹೊಯ್ದರೆ ಕೊನೆಗೆ ಮಜ್ಜಿಗೆ ಎಷ್ಟು ಉಳಿದೀತು? ಎಳನೀರಿಗೆ ಹಾಕಿದ ಸ್ಟ್ರಾವನ್ನು ಬೆರಳಲ್ಲಿ ಒತ್ತಿ ಹೀರಿ ನೋಡಿ, ಕೆನ್ನೆ ಒಳಗೆ ಹೋಗುತ್ತದೆ. ಮಗುವಿನ ಎದೆಗೂಡೂ ಹಾಗೆಯೇ ಒಳಗೆ ಸೆಳೆಯುತ್ತದೆ. ಮಂಡ್ಯದ ಕಡೆಯವರಿಗೆ ಇನ್ನೂ ಸಲೀಸಾಗಿ ಹೇಳಬಹುದು: ವಿ.ಸಿ. ನಾಲೆಯ ಎರಡೂ ಬದಿಗೆ ಗೇಣು ಹೂಳು ನಿಂತರೆ ಯಾರಿಗೂ ಗೊತ್ತಾಗುವುದಿಲ್ಲ, ಅದೇ ಹೂಳು ಗದ್ದೆ ಬಾಯಿಯ ಕಾಲುವೆಯಲ್ಲಿ ನಿಂತರೆ ಪೈರು ಒಣಗುತ್ತದೆ. ಉಸಿರುದಾರಿ ಹಸುಗೂಸಿನದರ ಎರಡರಷ್ಟು ಅಗಲ ಇದ್ದವರಿಗೆ ಅದೇ 1 ಮಿ.ಮೀ. ಊತ ಬಂದರೆ ತಡೆ ಮೂರು ಪಟ್ಟು ಹೆಚ್ಚೀತು, ಅಷ್ಟೆ. ಮಕ್ಕಳೆಂದರೆ ಚಿಕ್ಕ ಅಳತೆಯ ದೊಡ್ಡವರು ಎಂದುಕೊಂಡವರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು.

ಕ್ರೂಪ್ ಬಂದ ಹೆಚ್ಚಿನ ಮಕ್ಕಳಿಗೆ ಸ್ಟಿರಾಯ್ಡ್ ಔಷಧ ಸಾಕು; ಅದು ನಾಗಮಂಗಲದಲ್ಲೂ ಸಿಗಬೇಕು, ಮಳವಳ್ಳಿಯಲ್ಲೂ ಸಿಗಬೇಕು. ಆದರೆ ಆ ಸಣ್ಣ ದಾರಿಯಲ್ಲಿ ಕೊಳವೆ ಇಳಿಸಲೇಬೇಕಾದ ಮಗು ವರ್ಷಕ್ಕೊಮ್ಮೆ ಆ ಕೆಲಸ ಮಾಡುವ ಕೈಗೆ ಸಿಗಬಾರದು, ದಿನವೂ ಮಾಡುವ ಕೈಗೆ ಸಿಗಬೇಕು. ಅಪರೂಪದ ಕೇಸುಗಳೆಲ್ಲ ಒಂದೇ ಕಡೆ ಸೇರಲಿ ಎಂದೇ ಇಂಥ ದೊಡ್ಡ ಆಸ್ಪತ್ರೆ.

ಜಾಗ ಹುಡುಕುವ ಚಟ ಹಳೆಯದು. ಬಾಗ್ದಾದಿನಲ್ಲಿ ವೈದ್ಯ ಅಲ್-ರಾಝಿ ಊರಿನ ಬೇರೆಬೇರೆ ಕಡೆ ಮಾಂಸದ ತುಂಡು ನೇತುಹಾಕಿಸಿ, ಎಲ್ಲಿ ನಿಧಾನವಾಗಿ ಕೊಳೆಯಿತೋ ಅಲ್ಲಿ ಆಸ್ಪತ್ರೆ ಕಟ್ಟಿಸಿದನಂತೆ. ಕಥೆ ಅಂಟಿಕೊಂಡಿರುವ ಆಸ್ಪತ್ರೆ ಎದ್ದದ್ದು ಅವನು ಸತ್ತು ಎಷ್ಟೋ ದಶಕಗಳ ಮೇಲೆ, ಹಾಗಾಗಿ ಕಟ್ಟುಕಥೆಯೇ ಇರಬೇಕು. ಇದ್ದರೂ ಅದರಲ್ಲಿ ಒಂದು ಪರೀಕ್ಷೆಯಿದೆ, ಈಶಾನ್ಯದಲ್ಲಿ ಅದೂ ಇಲ್ಲ. ನಮ್ಮ ಕೆಆರ್‌ಎಸ್ ರಸ್ತೆಯ ಕ್ಷಯ ಆಸ್ಪತ್ರೆಯನ್ನೇ ನೋಡಿ. ಕ್ಷಯಕ್ಕೆ ಬಲಿಯಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನದು. ಕ್ಷಯಕ್ಕೆ ನಾಟಿದ ಮೊದಲ ಔಷಧ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. ಅದಕ್ಕೆ ಮುಂಚೆ ಗಾಳಿ, ಬೆಳಕು, ವಿಶ್ರಾಂತಿಯೇ ಮದ್ದು. ಊರಾಚೆ ಕಟ್ಟಿದ್ದು ಆ ರೋಗಕ್ಕೆ ಸರಿಯಾಗಿತ್ತು. ಊರಾಚೆ ಕಟ್ಟಿದರೆ ಎಲ್ಲ ರೋಗಕ್ಕೂ ಸರಿ ಎಂಬುದು ಆ ಕಾಲದಿಂದ ಉಳಿದ ನೆನಪು ಮಾತ್ರ.

ಮಕ್ಕಳ ಆಸ್ಪತ್ರೆಗೆ ಬೇಕಾದದ್ದು ನೆರೆಹೊರೆ. ತೊಂದರೆಯಿದೆ ಎಂದು ಮುಂಚೆಯೇ ಗೊತ್ತಿರುವ ಕೂಸಿಗೆ ತಾಯಿಯ ಗರ್ಭಕ್ಕಿಂತ ಒಳ್ಳೆಯ ಆಂಬುಲೆನ್ಸ್ ಇಲ್ಲ. ಹೆರಿಗೆಯೇ ಮಕ್ಕಳ ತೀವ್ರ ನಿಗಾ ಘಟಕದ ಗೋಡೆಯಾಚೆ ಆಗಬೇಕು. ಹೆತ್ತವಳಿಗೆ ರಕ್ತಸ್ರಾವ ನಿಲ್ಲದಿದ್ದರೆ ದೊಡ್ಡವರ ಆಸ್ಪತ್ರೆಯೂ ಅಲ್ಲೇ ಬೇಕು. ನಮ್ಮಲ್ಲಿ ಹೆರಿಗೆಗೆ ಹೋಗುವ ಚೆಲುವಾಂಬ, ದೊಡ್ಡವರ ಕೆ.ಆರ್. ಆಸ್ಪತ್ರೆಗಳು ಅಕ್ಕಪಕ್ಕವೇ ಇವೆ. ಮೂರನೆಯದು ಅಲ್ಲಿಗೇ ಬರಲಿ ಎನ್ನುವವನು ನಾನು.

"ಜಾಗ ಎಲ್ಲಿದೆ?" ಎಂದರು ಎಂಜಿನಿಯರು. ನ್ಯಾಯವಾದ ಪ್ರಶ್ನೆ. ಐರ್ಲೆಂಡಿನ ಡಬ್ಲಿನ್ ನಗರದಲ್ಲಿ ಇದೇ ಜಗಳ ವರ್ಷಗಟ್ಟಲೆ ನಡೆಯಿತು. ಮೂರು ಮಕ್ಕಳ ಆಸ್ಪತ್ರೆಗಳನ್ನು ಸೇರಿಸಿ ಒಂದು ರಾಷ್ಟ್ರೀಯ ಆಸ್ಪತ್ರೆ ಕಟ್ಟಲು ಊರ ನಡುವಿನ ಜಾಗ ಆರಿಸಿದರು. ಕಟ್ಟಡದ ಎತ್ತರ, ಗಾತ್ರ ಹಳೆಯ ಊರಿನ ನೋಟಕ್ಕೆ ಒಗ್ಗದು ಎಂದು 2012ರಲ್ಲಿ ಯೋಜನಾ ಮಂಡಳಿ ಅನುಮತಿ ನಿರಾಕರಿಸಿತು. ವರ್ತುಲ ರಸ್ತೆಯ ಬದಿಗೆ ಹೋಗಿ, ಕಾರು ನಿಲ್ಲಿಸಲಾದರೂ ಜಾಗ ಸಿಗುತ್ತದೆ ಎಂಬ ಕೂಗೆದ್ದಿತು. ಆದರೂ ಅದೇ ವರ್ಷ ಕೊನೆಗೆ ಆರಿಸಿದ್ದು ಮತ್ತೆ ಊರೊಳಗಿನ ಒಂದು ದೊಡ್ಡ ಆಸ್ಪತ್ರೆಯ ಆವರಣವನ್ನೇ. ಅನುಮತಿ ಸಿಕ್ಕಿದ್ದು 2016ರಲ್ಲಿ, ಖರ್ಚು ಆಮೇಲೆ ಗಗನಕ್ಕೇರಿತು. ಅರಮನೆಯ ಗೋಪುರ ಕಾಣುವ ನಮ್ಮೂರಿನಲ್ಲೂ ಎತ್ತರದ ತಕರಾರು ಬಂದೇ ಬರುತ್ತದೆ. ಜಂಬೂಸವಾರಿಯ ದಿನ ಸಯ್ಯಾಜಿರಾವ್ ರಸ್ತೆ ಮುಚ್ಚಿರುತ್ತದೆ, ಆಂಬುಲೆನ್ಸಿಗೆ ಹಿಂಬದಿಯ ದಾರಿ ಬೇಕು. ರೈಲು ಹಳಿಯೂ ದೂರವಿಲ್ಲ: ಎಂಆರ್‌ಐ ಯಂತ್ರಕ್ಕೆ ನೆಲದ ನಡುಕವೂ ಆಗದು, ಓಡಾಡುವ ಕಬ್ಬಿಣದ ರಾಶಿಯೂ ಆಗದು. ನಕ್ಷೆಯಲ್ಲಿ ತಲೆಕೆಡಿಸಿಕೊಳ್ಳಬೇಕಾದ ದಿಕ್ಕುಗಳು ಇವು.

ಇನ್ನೊಂದು ಬಾಕಿ ಇದೆ, ಪ್ವಾಸಯ್ ಅವರಿಂದಲೇ ಹೊರಟದ್ದು. ನಾಲ್ಕನೇ ಘಾತದ ಲೆಕ್ಕ ಉಸಿರು ನಯವಾಗಿ ಹರಿದಾಗ ಮಾತ್ರ. ಮಗು ಗಾಬರಿಯಾಗಿ ಅತ್ತರೆ ಗಾಳಿ ಸುಳಿಗಟ್ಟುತ್ತದೆ, ಘಾತ ಐದಕ್ಕೆ ಏರುತ್ತದೆ; ಹದಿನಾರು ಪಟ್ಟಿದ್ದ ತಡೆ ಮೂವತ್ತೆರಡಾಗುತ್ತದೆ. ಅಳಿಸದೆ ಇಡುವುದೂ ಚಿಕಿತ್ಸೆಯೇ, ಅದನ್ನು ಬಲ್ಲವಳು ತಾಯಿ. ಹಾಗಾಗಿ ಪ್ರತಿ ಮಗುವಿನ ಹಾಸಿಗೆಯ ಪಕ್ಕ ಅಮ್ಮನಿಗೊಂದು ಮಂಚ ನಕ್ಷೆಯಲ್ಲೇ ಇರಬೇಕು. ದುಡ್ಡು ಸಾಲದಾದಾಗ ಮೊದಲು ಹಾರಿಹೋಗುವುದು ಅದೇ. ಏನನ್ನಾದರೂ ಅಳಿಸಿ, ಆ ಮಂಚ ಅಳಿಸಬೇಡಿ ಎಂದೆ.

"ಆಯ್ತು. ತಲೆದಿಂಬು ಉತ್ತರಕ್ಕೆ ಮಾತ್ರ ಬೇಡ" ಎಂದರು ಎಂಜಿನಿಯರು.

ಬೇಡ ಬಿಡಿ ಎಂದು ಕಾಫಿ ಮುಗಿಸಿದೆ.