ಉಪ್ಪುನೀರಿಗೆ ಬಿದ್ದ ಈರುಳ್ಳಿ ಸಿಪ್ಪೆ

ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಅಭಿಸರಣೆ (ಆಸ್ಮೋಸಿಸ್, ಅಂದರೆ ಕೋಶದ ಪೊರೆ ದಾಟಿ ನೀರು ಸಾಗುವುದು) ಎಂದರೇನು ಅಂತ ಕೇಳಿ, ಉತ್ತರ ಪಟಪಟ ಬರುತ್ತದೆ. ಸೌತೆಕಾಯಿ ಹೆಚ್ಚಿ ಉಪ್ಪು ಹಾಕಿದರೆ ನೀರು ಬಿಡೋದು ಯಾಕೆ ಅಂತ ಕೇಳಿ, ಕ್ಲಾಸು ಸುಮ್ಮನಾಗುತ್ತದೆ. ಎರಡೂ ಒಂದೇ ಪ್ರಶ್ನೆ ಅಲ್ವಾ? ಅದಕ್ಕೇ ನಾನು ಈ ಪಾಠವನ್ನು ಕೆಂಪು ಈರುಳ್ಳಿಯಿಂದ ಶುರು ಮಾಡುತ್ತೇನೆ.

ಪದರದ ಹೊರಮೈಯಿಂದ, ಅಂದರೆ ಬಣ್ಣ ಇರುವ ಕಡೆಯಿಂದ, ತೆಳ್ಳನೆಯ ಸಿಪ್ಪೆ ಎಬ್ಬಿಸಬೇಕು. ಒಳಮೈ ಸಿಪ್ಪೆ ಸಲೀಸಾಗಿ ಬರುತ್ತದೆ, ಆದರೆ ಅದರಲ್ಲಿ ಬಣ್ಣ ಇರುವುದಿಲ್ಲ. ಸ್ಲೈಡ್ ಮೇಲೆ ಒಂದು ಹನಿ ನೀರಿನಲ್ಲಿಟ್ಟು, ತೆಳು ಗಾಜಿನ ಕವರ್ ಸ್ಲಿಪ್ ಮುಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಇಟ್ಟಿಗೆ ಜೋಡಿಸಿದ ಹಾಗೆ ಜೀವಕೋಶಗಳು. ನೇರಳೆ ಬಣ್ಣ ಮೂಲೆಮೂಲೆಗೂ ತುಂಬಿರುತ್ತದೆ. ಅದು ಕೋಶದ ರಸದಾನಿಯಲ್ಲಿ, ಅಂದರೆ ಒಳಗಿನ ರಸ ತುಂಬಿದ ಚೀಲದಲ್ಲಿರುವ ಬಣ್ಣ.

ಈಗ ಅರ್ಧ ಲೋಟ ನೀರಿಗೆ ಒಂದು ಚಿಕ್ಕ ಚಮಚ ಉಪ್ಪು ಕರಗಿಸಿ, ಕವರ್ ಸ್ಲಿಪ್‌ನ ಒಂದು ಅಂಚಿಗೆ ಒಂದು ಹನಿ ಬಿಡಿ. ಎದುರಿನ ಅಂಚಿಗೆ ಟಿಶ್ಯೂ ಪೇಪರ್ ತಾಗಿಸಿದರೆ ಉಪ್ಪುನೀರು ಸಿಪ್ಪೆಯ ಕಡೆ ಹರಿಯುತ್ತದೆ. ಕೆಲವೇ ನಿಮಿಷದಲ್ಲಿ ನೇರಳೆ ಬಣ್ಣ ಮೂಲೆ ಬಿಟ್ಟು ಸರಿಯುತ್ತದೆ. ಕೊನೆಗೆ ಕೋಶದ ನಡುವೆ ಮುದ್ದೆಯಾಗಿ ನಿಲ್ಲುತ್ತದೆ. ಗೋಡೆ ಮಾತ್ರ ಇದ್ದಲ್ಲೇ ಇರುತ್ತದೆ.

ಹೊರಗಿನ ಗೋಡೆಯಾದ ಕೋಶಭಿತ್ತಿ ಬೇರೆ, ಅದರ ಒಳಗಿನ ತೆಳು ಕೋಶಪೊರೆ ಬೇರೆ ಅನ್ನುವುದು ಮಕ್ಕಳಿಗೆ ಗಟ್ಟಿಯಾಗಿ ತಿಳಿಯುವುದು ಈ ಗಳಿಗೆಯಲ್ಲಿ. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ಚೂರಿನಲ್ಲಿ ಕಂಡು ‘ಸೆಲ್’ ಎಂದು ಕರೆದಿದ್ದು ಬರೀ ಈ ಗೋಡೆಗಳ ಗೂಡನ್ನು. ಒಳಗಿನ ಜೀವ ಅಷ್ಟರಲ್ಲಿ ಹೋಗಿತ್ತು.

‘ಉಪ್ಪು ಒಳಗೆ ನುಗ್ಗಿ ನೀರನ್ನು ಹೊರಗೆ ತಳ್ಳಿತು’ ಅಂತ ಬಹಳ ಮಕ್ಕಳು ಬರೆಯುತ್ತಾರೆ. ಇದನ್ನು ಆಗಲೇ ತಿದ್ದಬೇಕು. ಪೊರೆ ನೀರನ್ನು ಸುಲಭವಾಗಿ ಬಿಡುತ್ತದೆ, ಉಪ್ಪನ್ನು ಹಾಗೆ ಬಿಡುವುದಿಲ್ಲ. ನೀರು ಎರಡೂ ಕಡೆ ಓಡಾಡುತ್ತಲೇ ಇರುತ್ತದೆ. ಹೊರಗೆ ಉಪ್ಪು ಜಾಸ್ತಿ ಇದ್ದಾಗ ಒಳಗೆ ಬರುವುದಕ್ಕಿಂತ ಹೊರಗೆ ಹೋಗುವ ನೀರೇ ಹೆಚ್ಚು. ಆಸ್ಪತ್ರೆಯಲ್ಲಿ ಹಾಕುವ ಸಲೈನ್ ಡ್ರಿಪ್‌ನಲ್ಲಿ ಸಾಮಾನ್ಯವಾಗಿ ಶೇ 0.9 ಉಪ್ಪಿರುವುದೂ ಇದಕ್ಕೇ. ಬರೀ ನೀರನ್ನು ನೇರ ರಕ್ತಕ್ಕೆ ಬಿಟ್ಟರೆ, ಗೋಡೆಯೇ ಇಲ್ಲದ ಕೆಂಪು ರಕ್ತಕಣಗಳು ನೀರು ಕುಡಿದು ಉಬ್ಬಿ ಒಡೆಯುತ್ತವೆ.

ಕೊನೆಗೆ ಅದೇ ಸಿಪ್ಪೆಗೆ ಬರೀ ನೀರು ಹಾಯಿಸಿ. ಬಣ್ಣ ಮತ್ತೆ ಮೂಲೆಗಳಿಗೆ ಹರಡುತ್ತದೆ. ಇನ್ನೊಂದು ಸಿಪ್ಪೆಯನ್ನು ಕುದಿಸಿ ಉಪ್ಪುನೀರು ಹಾಕಿ ನೋಡಿ, ಹೀಗೆ ಕುಗ್ಗುವುದಿಲ್ಲ. ಪೊರೆ ಸತ್ತಿರುತ್ತದೆ, ಬಣ್ಣವೆಲ್ಲ ಸೋರಿ ಹೋಗಿರುತ್ತದೆ. ಒಂದು ಎಚ್ಚರಿಕೆ: ಮೊದಲ ಸಿಪ್ಪೆಯನ್ನು ಉಪ್ಪುನೀರಿನಲ್ಲಿ ಜಾಸ್ತಿ ಹೊತ್ತು ಬಿಡಬೇಡಿ. ಕೋಶ ಸತ್ತರೆ ಎಷ್ಟು ನೀರು ಹಾಯಿಸಿದರೂ ಮತ್ತೆ ತುಂಬಿಕೊಳ್ಳುವುದಿಲ್ಲ.